ಕಕ್ಕಡದ ಮಸ್ಟರ್‌ನಲ್ಲಿ ಮೂವರು ಗೌರಮ್ಮರು
(ಓದುಗರ ಪ್ರಶ್ನೆ, ರೈಟರ್ ಉತ್ತರ)

ಕಳೆದ ಸಂಚಿಕೆಯಲ್ಲಿ ಮಾತಿನ ಭರಕ್ಕೆ ಒಂದು ವಿಷಯ ಹೇಳಿಬಿಟ್ಟೆ. ಕೊಡಗಿನ ಮಳೆಗಾಲದ ತಿಂಗಳಾದ ಕಕ್ಕಡದಲ್ಲಿ, ಅಂದರೆ ಜುಲೈ 17ರಿಂದ ಆಗಸ್ಟ್ 16ರವರೆಗೆ, ತೋಟಕ್ಕೆ ಇಳಿಯಲಾಗದೆ ಮನೆಯಲ್ಲೇ ಕೂತು ಏಳು ಪುಸ್ತಕ ಓದಿದೆ, ಮಳೆ ಬರೆಯುವ ರಿಜಿಸ್ಟರಿನಲ್ಲೇ ಅವುಗಳ ಲೆಕ್ಕವನ್ನೂ ಇಟ್ಟಿದ್ದೇನೆ ಎಂದೆ. ಪಟ್ಟಿ ಇದು: ಮಾಸ್ತಿಯವರ ‘ಚಿಕವೀರ ರಾಜೇಂದ್ರ’, ಆ ರಾಜನ ಮಗಳ ಜೀವನಚರಿತ್ರೆಯೊಂದು, ಕೊಡಗಿನ ಗೌರಮ್ಮನವರ ‘ಕಂಬನಿ’, ನಡಿಕೇರಿಯಂಡ ಚಿಣ್ಣಪ್ಪನವರ ‘ಪಟ್ಟೋಲೆ ಪಳಮೆ’, ಪಂಜೆಯವರ ಪದ್ಯಗಳು, ರಟ್ಟೂ ಹೆಸರೂ ಹೋದ ಒಂದು ಪತ್ತೇದಾರಿ ಕಾದಂಬರಿ, ಕಾಫಿಯ ಕೊಳೆರೋಗದ ಮೇಲೊಂದು ಕಿರುಹೊತ್ತಿಗೆ. ಈ ಸಲ ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು ಇದರ ಮೇಲೆಯೇ. ಮೂವರು ಮಾತ್ರ ಪುಸ್ತಕದ ಸುದ್ದಿ ಬಿಟ್ಟು ಮಳೆ ಎಷ್ಟಾಯಿತು ಎಂದು ಕೇಳಿದ್ದಾರೆ. ಕಾಫಿಯವರೇ ಇರಬೇಕು.

● ‘ರೈಟರ್’ ಎಂದು ಸಹಿ ಮಾಡುತ್ತೀರಲ್ಲ, ಯಾವ ಪುಸ್ತಕ ಬರೆದಿದ್ದೀರಿ? ಎಲ್ಲಿ ಸಿಗುತ್ತದೆ?
(ಓದುಗರು, ಹಾಸನ)

ಚೆಕ್‌ರೋಲ್ ಬರೆದಿದ್ದೇನೆ. 34 ವರ್ಷ. ಎಲ್ಲೂ ಸಿಗುವುದಿಲ್ಲ.

ನಮ್ಮ ಕಡೆ ತೋಟದಲ್ಲಿ ಆಳುಗಳ ಹಾಜರಿ, ಸಂಬಳ, ಗೊಬ್ಬರದ ಲೆಕ್ಕ ಬರೆಯುವವನಿಗೆ ರೈಟರ್ ಎನ್ನುತ್ತಾರೆ. ಸುಂಟಿಕೊಪ್ಪದ ಸಂತೆಯ ದಿನ ‘ರೈಟ್ರೇ’ ಎಂದು ಒಂದು ಕೂಗು ಹಾಕಿ, ನಾಲ್ಕು ಜನ ತಿರುಗಿ ನೋಡುತ್ತಾರೆ. ನಾಲ್ವರಲ್ಲಿ ಒಬ್ಬನೂ ಕತೆ ಬರೆದವನಲ್ಲ. ನಾನು ಕೆಲಸ ಬಿಟ್ಟು ಮೂರು ವರ್ಷವಾಯಿತು, ಹೆಸರು ಮಾತ್ರ ಬಿಟ್ಟಿಲ್ಲ.

● ಓದಿದ್ದಕ್ಕೆ ಮಸ್ಟರ್ (ಹಾಜರಿ ಪುಸ್ತಕ) ಇಡುವುದು ಹೇಗೆ? ಪುಟದ ಲೆಕ್ಕವೋ, ಗಂಟೆಯ ಲೆಕ್ಕವೋ?
(ಓದುಗರು, ಕುಶಾಲನಗರ)

ಎರಡೂ ಅಲ್ಲ, ಆಳಿನ ಲೆಕ್ಕ. ಒಬ್ಬನ ಒಂದು ದಿನದ ದುಡಿಮೆ ಒಂದು ಆಳು. ಬೆಳಿಗ್ಗೆ ಎಂಟಕ್ಕೆ ಮಳೆ ಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು ಇಂಚು, ಸೆಂಟು ಬರೆಯುವುದು ಈಗಲೂ ನನ್ನ ಕೆಲಸವೇ. ತೋಟದ ಸಾಹುಕಾರರು ಅದೊಂದನ್ನು ನನ್ನ ಕೈಯಿಂದ ಕಿತ್ತುಕೊಂಡಿಲ್ಲ. ಎಡ ಪುಟದಲ್ಲಿ ಮಳೆ, ಬಲ ಪುಟದಲ್ಲಿ ಹಿಂದಿನ ದಿನದ ಓದು. ಕುಕ್ಕರ್ ಎಷ್ಟು ಸಲ ಕೂಗಿತೆಂದು ಮನೆಯವಳು ಕೇಳಿ ನಾನು ಬೆಪ್ಪಾಗಿ ಕೂತ ದಿನ ಪೂರ್ತಿ ಆಳು. ಪುಸ್ತಕ ತೊಡೆಯ ಮೇಲೆ, ಕಣ್ಣು ಕಿಟಕಿಯ ಮೇಲೆ ಇದ್ದರೆ ಅರ್ಧ ಆಳು. ತೆಗೆಯದೇ ಇದ್ದರೆ ಗೈರು.

ಕಕ್ಕಡದ 31 ದಿನಕ್ಕೆ ಪೂರ್ತಿ 14, ಅರ್ಧ 9, ಗೈರು 8. ಗೈರಿನಲ್ಲಿ ಒಂದು ಕಕ್ಕಡ 18ರಂದು. ಆ ದಿನ ವಾಡಿಕೆಯಂತೆ ಮದ್ದುಸೊಪ್ಪಿನ ಪಾಯಸ ಉಂಡು ಮಲಗಿದವನು ಸಂಜೆಗೇ ಎದ್ದದ್ದು. ಎರಡು ಗೈರು ಕರೆಂಟಿನ ಲೆಕ್ಕಕ್ಕೆ. ಉಳಿದ ಐದು, ರಾತ್ರಿ ಮಳೆ ಒಂದೇ ಸಮನೆ ಹೊಯ್ದ ದಿನಗಳು. 2018ರ ಆಗಸ್ಟಿಗೆ ಮುಂಚೆ ಮಳೆಯ ಸದ್ದಿದ್ದರೆ ನನಗೆ ಓದು ಇನ್ನೂ ಚೆನ್ನಾಗಿ ಸಾಗುತ್ತಿತ್ತು. ಮಕ್ಕಂದೂರಿನ ಕಡೆ ಗುಡ್ಡಗಳು ಜಾರಿ ಬಂದ ಮೇಲೆ ಹಾಗಿಲ್ಲ. ಮಳೆ ಜೋರಾದರೆ ಪುಸ್ತಕ ಮುಚ್ಚುತ್ತೇನೆ. ಮಳೆಯ ಸದ್ದಿನ ಹಿಂದೆ ಬೇರೆ ಏನಾದರೂ ಸದ್ದು ಇದೆಯೇ ಎಂದು ಕೇಳುತ್ತಾ ಕೂರುತ್ತೇನೆ. ಅದನ್ನು ಗೈರು ಎಂದೇ ಬರೆದಿದ್ದೇನೆ, ಬೇರೆ ಕಾಲಂ ಇಲ್ಲ.

ಮಳೆ ಕೇಳಿದ ಆ ಮೂವರಿಗೆ: ತಿಂಗಳ ಮಳೆ 21 ಇಂಚು 45 ಸೆಂಟು. ಭಾಗಮಂಡಲದವರು ನಗಬೇಡಿ. ನಿಮ್ಮಲ್ಲಿ ಒಂದು ವಾರಕ್ಕೆ ಬೀಳುವುದು ನಮಗೆ ಒಂದು ತಿಂಗಳಿಗಾಗುತ್ತದೆ.

● ಕೊಳೆರೋಗದ ಕಿರುಹೊತ್ತಿಗೆಯನ್ನು ಮಾಸ್ತಿಯವರ ಪಕ್ಕದಲ್ಲಿ ಬರೆದಿದ್ದೀರಿ. ಅದೂ ಒಂದು ಓದೇ?
(ಓದುಗರು, ಚಿಕ್ಕಮಗಳೂರು)

ನಿಮ್ಮ ಊರಿನವರೇ ಈ ಪ್ರಶ್ನೆ ಕೇಳುವುದೇ? 24 ಪುಟದ ಆ ಹೊತ್ತಿಗೆಗೆ ಪೂರ್ತಿ ಒಂದು ಆಳು ಹಾಕಿದ್ದೇನೆ, ಕಾರಣವಿದೆ.

ಮಳೆಗಾಲದಲ್ಲಿ ಎಲೆ ಕಪ್ಪಾಗಿ ಕೊಳೆತು, ಗಿಡದಿಂದ ಉದುರದೆ ಬೂಷ್ಟಿನ ನೂಲಿನಲ್ಲಿ ನೇತಾಡುತ್ತದಲ್ಲ, ಅದನ್ನು ಹುಟ್ಟಿಸುವ ಶಿಲೀಂಧ್ರಕ್ಕೆ ವಿಜ್ಞಾನಿಗಳು ಇಟ್ಟ ಹೆಸರು ‘ಪೆಲಿಕುಲೇರಿಯಾ ಕೊಳೆರೋಗ’. ಮೊದಲ ಪದ ಲ್ಯಾಟಿನ್, ಎರಡನೆಯದು ನಮ್ಮದೇ ಕೊಳೆ, ನಮ್ಮದೇ ರೋಗ. ಮೈಸೂರು ಸೀಮೆಯ ಕಾಫಿ ತೋಟದವರ ಬಾಯಲ್ಲಿದ್ದ ಮಾತನ್ನು ಹಾಗೇ ಎತ್ತಿ ಸಸ್ಯಶಾಸ್ತ್ರದ ಪುಸ್ತಕದೊಳಗೆ ಇಟ್ಟಿದ್ದಾರೆ. ಮುಂದೆ ಅದರ ಹೆಸರನ್ನು ಬದಲಿಸಿದಾಗಲೂ ‘ಕೊಳೆರೋಗ’ ಹೋಗಲಿಲ್ಲ, ಎರಡನೇ ಸ್ಥಾನದಿಂದ ಮೊದಲನೇ ಸ್ಥಾನಕ್ಕೆ ಬಂತು, ‘ಕೊಳೆರೋಗ ನಾಕ್ಸಿಯಾ’ ಎಂದು. 34 ವರ್ಷ ಚೆಕ್‌ರೋಲಿನಲ್ಲಿ ‘ಕೊಳೆ ಎಲೆ ಕೀಳಲು 6 ಆಳು’ ಎಂದು ಬರೆದವನು ನಾನು. ಅರ್ಧ ಲ್ಯಾಟಿನ್ ಬರೆಯುತ್ತಿದ್ದೇನೆಂದು ಯಾರೂ ಹೇಳಿರಲಿಲ್ಲ. ಓದಿ ಮನೆಯವಳಿಗೆ ಹೇಳಿದೆ. ‘ಸಂಬಳ ಜಾಸ್ತಿ ಕೇಳಬಹುದಿತ್ತು’ ಅಂದಳು.

● ನಿಮ್ಮ ಪಟ್ಟಿಯ ಕೆಳಗೆ ‘ಈ ತಿಂಗಳು ಮೂವರು ಗೌರಮ್ಮರು’ ಎಂದು ಬರೆದು ಸುಮ್ಮನಾದಿರಿ. ನನಗೆ ಗೊತ್ತಿರುವುದು ಕತೆಗಾರ್ತಿ ಗೌರಮ್ಮ ಒಬ್ಬರೇ. ಇನ್ನಿಬ್ಬರು ಯಾರು?
(ಓದುಗಿ, ಮೈಸೂರು)

ನಾನೂ ಯೋಜನೆ ಹಾಕಿ ಓದಿದ್ದಲ್ಲ ತಾಯಿ. ಅಲಮಾರಿನಲ್ಲಿ ಕೈಗೆ ಸಿಕ್ಕಿದ್ದನ್ನು ಸಿಕ್ಕಿದ ಹಾಗೆ ಓದುತ್ತಾ ಹೋದೆ. ರಿಜಿಸ್ಟರಿನಲ್ಲಿ ಒಂದೇ ಹೆಸರು ಮೂರನೇ ಸಲ ಬಂದಾಗ, ಒಬ್ಬಳೇ ಆಳಿಗೆ ಎರಡೆರಡು ಹಾಜರಿ ಹಾಕಿಬಿಟ್ಟೆನೇ ಎಂದು ಹಳೇ ಅಭ್ಯಾಸದಿಂದ ಗಾಬರಿಯಾಯಿತು.

ಮೊದಲನೆಯವರು ಮಾಸ್ತಿಯವರ ಕಾದಂಬರಿಯ ರಾಣಿ, ಗೌರಮ್ಮಾಜಿ. ‘ಚಿಕವೀರ ರಾಜೇಂದ್ರ’ ಬಂದದ್ದು 1956ರಲ್ಲಿ. 1983ರ ಜ್ಞಾನಪೀಠ ಮಾಸ್ತಿಯವರಿಗೆ ಸಂದಾಗ ಎಲ್ಲರ ಬಾಯಲ್ಲೂ ಇದೇ ಪುಸ್ತಕ. ನಾನು ಮೊದಲ ಸಲ ಓದಿದ್ದು ಆಗಲೇ. 1834ರಲ್ಲಿ ಬ್ರಿಟಿಷರು ಕೊಡಗನ್ನು ತೆಗೆದುಕೊಂಡ ಕತೆ, ಕೆಟ್ಟ ರಾಜ, ಕುಂಟ ಬಸವ, ಸಿಟ್ಟಿನ ಬೋಪಣ್ಣ, ಇಷ್ಟೇ ನನ್ನ ತಲೆಯಲ್ಲಿ ಉಳಿದಿತ್ತು. ರಾಣಿ ಮಾತಾಡುವ ಪುಟಗಳನ್ನು ಹಾರಿಸಿಯೇ ಓದಿದ್ದೆ ಅಂತ ಕಾಣುತ್ತದೆ, ಏಕೆಂದರೆ ಈ ಸಲ ಅವು ಹೊಸದಾಗಿ ಕಂಡವು. ಗಂಡನ ಕುಡಿತ, ಕ್ರೌರ್ಯ ಎಲ್ಲಾ ಗೊತ್ತಿದ್ದೂ, ಅರಮನೆಯ ಮರ್ಯಾದೆ ಬೀದಿಗೆ ಬೀಳದ ಹಾಗೆ, ಮಗಳಿಗೆ ಅಪ್ಪನ ಮೇಲಿನ ಗೌರವ ಹೋಗದ ಹಾಗೆ ಹೆಜ್ಜೆ ಇಡುವ ಹೆಂಗಸು. ನಾನು ಕೆಲಸಕ್ಕಿದ್ದ ತೋಟದಲ್ಲಿ, ಆಳುಗಳು ಸಾಲಾಗಿ ವಾಸಿಸುವ ಲೈನ್‌ಮನೆಗಳಲ್ಲಿ ಇಂಥ ಗೌರಮ್ಮಾಜಿಯರನ್ನು ಎಷ್ಟು ಕಂಡಿಲ್ಲ! ಶನಿವಾರ ಬಟವಾಡೆ ಮುಗಿದ ಮೇಲೆ ಗಂಡನ ಸಂಬಳವನ್ನು ತನ್ನ ಕೈಗೇ ಕೊಡಿ ಎಂದು ಆಫೀಸಿನ ಹಿಂದಿನ ಬಾಗಿಲಿಗೆ ಬರುತ್ತಿದ್ದರು. ಅದೂ ಅವನಿಗೆ ಗೊತ್ತಾಗದ ಹಾಗೆ, ಅವನ ಮರ್ಯಾದೆಯನ್ನೂ ಉಳಿಸಿ. ರೂಲಿನ ಪ್ರಕಾರ ಕೊಡುವ ಹಾಗಿಲ್ಲ. ಕೆಲವು ಸಲ ಕೊಟ್ಟಿದ್ದೇನೆ.

ಕಾದಂಬರಿಯಲ್ಲಿರುವುದೆಲ್ಲಾ ಚರಿತ್ರೆಯೇ ಎಂದು ಇದೇ ಪ್ರಶ್ನೆಯ ಬಾಲದಲ್ಲಿ ಕೇಳಿದ್ದೀರಿ. ಅಲ್ಲ. ರಾಜ ಅಷ್ಟು ಕೆಟ್ಟವನಾಗಿರಲಿಲ್ಲ ಎಂದು ವಾದಿಸುವವರು ನಮ್ಮ ಕಡೆ ಬೇಕಾದಷ್ಟಿದ್ದಾರೆ. ಗೆದ್ದವರು ಬರೆಸಿದ ಕಡತ ನಂಬಬೇಡಿ ಎನ್ನುತ್ತಾರೆ. ಕಡತ ಬರೆದು ಬದುಕಿದವನಾಗಿ ಆ ವಾದದಲ್ಲಿ ಹುರುಳಿದೆ ಅನ್ನುತ್ತೇನೆ.

ಎರಡನೆಯವಳು ಆ ರಾಜನ ಮಗಳು. ರಾಜ್ಯ ಹೋದ ಮೇಲೆ ಅವನನ್ನು ಕಾಶಿಯಲ್ಲಿ ಇರಿಸಿದ್ದರು. ಅಲ್ಲಿ 1841ರಲ್ಲಿ ಹುಟ್ಟಿದವಳು ಈ ಗೌರಮ್ಮ. ತನ್ನ ಹಣವನ್ನು ಈಸ್ಟ್ ಇಂಡಿಯಾ ಕಂಪನಿಯಿಂದ ಬಿಡಿಸಿಕೊಳ್ಳಲು ಅಪ್ಪ 1852ರಲ್ಲಿ ಲಂಡನ್ನಿಗೆ ಹೋದಾಗ ಇವಳನ್ನೂ ಕರೆದುಕೊಂಡು ಹೋದ. ಅದೇ ವರ್ಷ ಅವಳಿಗೆ ಕ್ರೈಸ್ತ ದೀಕ್ಷೆಯಾಯಿತು, ವಿಕ್ಟೋರಿಯಾ ರಾಣಿಯೇ ಧರ್ಮಮಾತೆ, ಹೆಸರು ವಿಕ್ಟೋರಿಯಾ ಗೌರಮ್ಮ. ಹುಡುಗಿಗೆ ಆಗ 11 ವರ್ಷ. ಅಪ್ಪ 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. ಮರುವರ್ಷ ತನಗಿಂತ ಬಹಳ ದೊಡ್ಡವನಾದ ಒಬ್ಬ ಕರ್ನಲ್ಲನ್ನು ಮದುವೆಯಾಗಿ, ಒಂದು ಹೆಣ್ಣು ಮಗು ಹೆತ್ತು, 1864ರಲ್ಲಿ ಹೋದಳು, 23 ತುಂಬುವ ಮೊದಲೇ. ಅವಳಿಗೆ ಕೊಡಗಿನ ರಾಜಕುಮಾರಿ ಎಂದು ಹೆಸರು, ಕೊಡಗಿನ ಮಳೆ ಮಾತ್ರ ಒಂದು ಹನಿಯೂ ಮೈಮೇಲೆ ಬಿದ್ದಿಲ್ಲ. ಈ ಪುಸ್ತಕ ಓದಿದ ಎರಡೂ ದಿನ ಪೂರ್ತಿ ಆಳು. ಬರವಣಿಗೆ ಸಾಧಾರಣ, ಬದುಕು ಸಾಧಾರಣದ್ದಲ್ಲ.

ಮೂರನೆಯವರು ನಿಮಗೆ ಗೊತ್ತಿರುವ ಗೌರಮ್ಮ. 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿ, 1939ರ ಏಪ್ರಿಲ್ 13ರಂದು ಈಜಲು ಹೋಗಿ ಸುಳಿಗೆ ಸಿಕ್ಕವರು. ಬದುಕಿದ್ದು 27 ವರ್ಷ. ‘ಕಂಬನಿ’ ಪುಸ್ತಕವಾಗಿ ಬಂದದ್ದು ಅವರು ಹೋದ ಮೇಲೆ. ವಿಧವೆಯರು, ಮಾತು ಕೊಟ್ಟು ಕೈಬಿಟ್ಟ ಗಂಡಸರು, ಜಾತಿ ಅಡ್ಡಬಂದ ಪ್ರೀತಿ, ಇವೇ ಕತೆಗಳು. ‘ಅಪರಾಧಿ ಯಾರು?’ ಎಂಬುದು ಒಂದು ಕತೆಯ ಹೆಸರು, ಉಳಿದ ಕತೆಗಳಿಗೂ ಅದನ್ನೇ ಇಡಬಹುದಿತ್ತು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ನಮ್ಮ ಮನೆಗೂ ಬರಬೇಕೆಂದು ಉಪವಾಸ ಕೂತು ಕರೆಸಿಕೊಂಡು, ಮೈಮೇಲಿನ ಒಡವೆಯನ್ನು ಹರಿಜನ ನಿಧಿಗೆ ಕೊಟ್ಟವರು ಇವರೇ.

ಇಷ್ಟು ನಿಮಗೂ ಗೊತ್ತಿರಬಹುದು. ನನಗೆ ಈ ಸಲ ಹೊಳೆದದ್ದು ಬೇರೆ. ಅವರ ಯಜಮಾನರು ಸುಂಟಿಕೊಪ್ಪದ ಹತ್ತಿರ ಗುಂಡುಗುಟ್ಟಿಯ ಕಾಫಿ ತೋಟದಲ್ಲಿ ಮ್ಯಾನೇಜರ್. ಮ್ಯಾನೇಜರ್ ಇದ್ದಲ್ಲಿ ಆಫೀಸು, ಆಫೀಸಿದ್ದಲ್ಲಿ ನನ್ನಂಥ ಒಬ್ಬ ರೈಟರ್ ಇರಲೇಬೇಕು. ಹೊರಗೆ ಅವನು ಶಾಯಿ ಅದ್ದಿ ಆಳುಗಳ ಹೆಸರು ಬರೆಯುತ್ತಿದ್ದ, ಒಳಗೆ ಈಕೆ ಕತೆ ಬರೆಯುತ್ತಿದ್ದರು. ಸಹಿ ಮಾತ್ರ ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂದು ಗಂಡನ ಹೆಸರಿನಲ್ಲಿ. ಅವತ್ತು ತೋಟದಲ್ಲಿ ರೈಟರ್ ಯಾರು ಎಂದು ಕೇಳಿದ್ದರೆ ಎಲ್ಲರೂ ಆಫೀಸಿನ ಕಡೆಗೇ ಕೈ ತೋರಿಸುತ್ತಿದ್ದರು. 34 ವರ್ಷ ಆ ದಾರಿಯಲ್ಲಿ ಸ್ಕೂಟರಿನಲ್ಲಿ ಓಡಾಡಿದ್ದೇನೆ, ಒಂದು ದಿನ ನಿಲ್ಲಿಸಿಲ್ಲ. ಈ ಸಲ ಮಳೆ ಬಿಟ್ಟಿದ್ದ ಒಂದು ಮಧ್ಯಾಹ್ನ ಹೋಗಿ ರಸ್ತೆ ಬದಿಯಲ್ಲಿ ಐದು ನಿಮಿಷ ನಿಂತೆ. ನೋಡುವುದಕ್ಕೇನಿಲ್ಲ, ಕಾಫಿ ಗಿಡ, ಸಿಲ್ವರ್ ಓಕಿಗೆ ಹಬ್ಬಿದ ಮೆಣಸಿನ ಬಳ್ಳಿ. ಜಿಗಣೆಯೊಂದು ಕಾಲಿಗೆ ಹತ್ತಿತು.

● ‘ಕಂಬನಿ’ ಎಷ್ಟು ಹುಡುಕಿದರೂ ಸಿಗಲಿಲ್ಲ. ನಿಮ್ಮ ಪ್ರತಿಯನ್ನು ಹದಿನೈದು ದಿನಕ್ಕೆ ಕೊಡುವಿರಾ? ಜೋಪಾನವಾಗಿ ಹಿಂತಿರುಗಿಸುತ್ತೇನೆ.
(ಓದುಗಿ, ಶನಿವಾರಸಂತೆ)

‘ಜೋಪಾನವಾಗಿ ಹಿಂತಿರುಗಿಸುತ್ತೇನೆ’ ಎಂದು ನಾನೂ ಒಂದು ಗ್ರಂಥಾಲಯಕ್ಕೆ ಹೇಳಿ ತಂದ ಪ್ರತಿ ಅದು. ಚೀಟಿಯ ಮೇಲಿನ ಕೊನೇ ತಾರೀಖು 1987ನೇ ಇಸವಿಯದು. ನಾಚಿಕೆಯಿಂದ ಈ ತಿಂಗಳು ತೆಗೆದುಕೊಂಡು ಹೋದೆ. ಕೌಂಟರಿನ ಹುಡುಗ ಕಂಪ್ಯೂಟರಿನಲ್ಲಿ ನೋಡಿದ, ಹಳೇ ಪುಸ್ತಕಗಳ ಪಟ್ಟಿಯಲ್ಲೂ ನೋಡಿದ. ‘ಇದು ನಮ್ಮ ಲೆಕ್ಕದಲ್ಲೇ ಇಲ್ಲ ಸಾರ್, ಇಲ್ಲದ್ದನ್ನ ವಾಪಸ್ ತಗೊಳ್ಳೋದು ಹೇಗೆ?’ ಅಂದ. ಲೆಕ್ಕದವನಾಗಿ ಅವನ ಮೇಲೆ ಸಿಟ್ಟು ಮಾಡಿಕೊಳ್ಳಲಾಗಲಿಲ್ಲ, ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ.

ಹಾಗಾಗಿ ನನ್ನದಲ್ಲದ, ಯಾರದ್ದೂ ಅಲ್ಲದ ಪುಸ್ತಕ. ತೆಗೆದುಕೊಳ್ಳಿ. ವಿಳಾಸ ಬರೆದು ಸಂಪಾದಕರಿಗೆ ಕಳಿಸಿ. ಮುಂದಿನ ಪ್ರಶ್ನೆ ಓದಿದ ಮೇಲೂ ಬೇಕೆನಿಸಿದರೆ.

● ನಮ್ಮದು ವಿರಾಜಪೇಟೆ. ಜೂನ್ ಬಂತೆಂದರೆ ಪುಸ್ತಕಕ್ಕೆಲ್ಲಾ ಬೂಷ್ಟು. ನೀವು ಏನು ಮಾಡುತ್ತೀರಿ?
(ಓದುಗರು, ವಿರಾಜಪೇಟೆ)

ಮಾಡಬಾರದ್ದೇನು ಎಂದು ಮೊದಲು ಹೇಳುತ್ತೇನೆ, ಅದರಲ್ಲಿ ನನಗೆ ಅನುಭವ ಜಾಸ್ತಿ. ಕಕ್ಕಡದ ಎರಡನೇ ವಾರ ಹೆಂಚು ಸರಿದು ಸೋರಿದ ನೀರು ನೇರ ಮೇಜಿನ ಮೇಲಿದ್ದ ‘ಕಂಬನಿ’ಗೇ ಬಿತ್ತು. ಹೆಸರು ಸಾರ್ಥಕವಾಯಿತು. ಅವಸರಕ್ಕೆ ಬಿದ್ದು ಇಸ್ತ್ರಿಪೆಟ್ಟಿಗೆ ಇಟ್ಟೆ. ಒಳಪುಟಗಳು ತಾಳಿಕೊಂಡವು. ರಟ್ಟಿಗೆ ನಾನೇ ಹಾಕಿದ್ದ ಪ್ಲಾಸ್ಟಿಕ್ ಕರಗಿ ಇಸ್ತ್ರಿಪೆಟ್ಟಿಗೆಯ ತಳಕ್ಕೆ ಅಂಟಿತು. ಮರುದಿನ ಮನೆಯವಳ ಸೀರೆಗೆ ಅದರ ಗುರುತು ಬಿತ್ತು. ಆ ದಿನದ ಓದು: ಗೈರು ಅಲ್ಲ, ವಜಾ.

ಸರಿಯಾದ ದಾರಿ ಕಣದಲ್ಲಿ ಕಾಫಿ ಒಣಗಿಸುವವರಿಗೆಲ್ಲಾ ಗೊತ್ತಿರುವುದೇ. ಬಿಸಿ ಬೇಡ, ಗಾಳಿ ಬೇಕು, ಆಗಾಗ ಕೈಯಾಡಿಸಬೇಕು. ಹತ್ತತ್ತು ಪುಟಕ್ಕೊಂದು ಹಳೇ ಪೇಪರಿನ ಹಾಳೆ ಸೇರಿಸಿ, ಪುಸ್ತಕವನ್ನು ಬೀಸಣಿಗೆಯ ಹಾಗೆ ಬಿಚ್ಚಿ ನಿಲ್ಲಿಸಿ, ಫ್ಯಾನ್ ನಿಧಾನಕ್ಕೆ ಬಿಡಿ. ಎರಡು ಗಂಟೆಗೊಮ್ಮೆ ಹಾಳೆ ಬದಲಿಸಿ. ಮೂರು ದಿನ ಹಿಡಿಯುತ್ತದೆ. ಕರೆಂಟಿಲ್ಲದಿದ್ದರೆ ಐದು.

ಬೂಷ್ಟು ಬಂದಿದ್ದರೆ ಒದ್ದೆ ಬಟ್ಟೆಯಲ್ಲಿ ಮಾತ್ರ ಒರೆಸಬೇಡಿ, ಅದಕ್ಕೆ ಬೇಕಾದದ್ದನ್ನೇ ಕೊಟ್ಟ ಹಾಗೆ. ಪೂರಾ ಒಣಗಿದ ಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಜಗಲಿಯಲ್ಲಿ ಕೂತು ಒಣ ಬ್ರಷ್ಷಿನಲ್ಲಿ ತೆಗೆಯಿರಿ. ಅಲಮಾರನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಇಡಿ, ಪುಸ್ತಕಗಳನ್ನು ಒತ್ತಿ ತುಂಬಬೇಡಿ. ನಾನು ಕೆಳಗಿನ ಖಾನೆಯಲ್ಲಿ ಒಂದು ಹಳೇ ಕಾಲದ 40 ವ್ಯಾಟಿನ ಬಲ್ಬು ಉರಿಸಿ, ಪುಸ್ತಕಕ್ಕೆ ತಾಗದ ಹಾಗೆ ಸುತ್ತ ತಂತಿಬಲೆ ಹಾಕಿದ್ದೇನೆ. ಎಲ್‌ಇಡಿ ಬಲ್ಬು ಇದಕ್ಕೆ ಬಾರದು, ಅದರಲ್ಲಿ ಅಷ್ಟು ಕಾವಿಲ್ಲ.

● ‘ಹುತ್ತರಿ ಹಾಡು’ ಬರೆದ ಪಂಜೆಯವರು ಕೊಡಗಿನವರೇ? ನಮ್ಮ ಟೀಚರ್ ಅಲ್ಲ ಎನ್ನುತ್ತಾರೆ.
(ಏಳನೇ ತರಗತಿ ವಿದ್ಯಾರ್ಥಿನಿ, ನಾಪೋಕ್ಲು)

ಟೀಚರ್ ಹೇಳಿದ್ದೇ ಸರಿ ಮಗೂ. ಅವರು ಬಂಟ್ವಾಳದವರು. ಮಡಿಕೇರಿಯ ಹೈಸ್ಕೂಲಿಗೆ ಮುಖ್ಯೋಪಾಧ್ಯಾಯರಾಗಿ ಬಂದಿದ್ದರು. ಹಾಡನ್ನು ಕೂತು ಓದಬೇಡ, ಜೋರಾಗಿ ಹೇಳು. ನಿಮ್ಮ ಗದ್ದೆಯಲ್ಲಿ ಈಗ ನಾಟಿಯಾದದ್ದು ಹುತ್ತರಿಗೆ ಕದಿರಾಗುವಷ್ಟರಲ್ಲಿ ಬಾಯಿಪಾಠವಾಗುತ್ತದೆ.

● ನೀವು ಕೊಡವರಲ್ಲ. ‘ಪಟ್ಟೋಲೆ ಪಳಮೆ’ ನಿಮಗೆ ಹೇಗೆ ಅರ್ಥವಾಯಿತು?
(ಓದುಗರು, ಗೋಣಿಕೊಪ್ಪ)

ಅರ್ಧ ಆಗಲಿಲ್ಲ. ನಮ್ಮ ಅಪ್ಪ ಕೆ.ಆರ್. ನಗರದ ಕಡೆಯಿಂದ ತೋಟದ ಕೆಲಸಕ್ಕೆ ಬಂದವರು, ಮನೆಮಾತು ಕನ್ನಡ. ಕೊಡವ ತಕ್ಕ್, ಅಂದರೆ ಕೊಡವ ಭಾಷೆ, ಕಿವಿಗೆ ಬರುತ್ತದೆ, ನಾಲಿಗೆಗೆ ಬರುವುದಿಲ್ಲ. ಪೊಲೀಸ್ ಇಲಾಖೆಯಲ್ಲಿದ್ದ ಚಿಣ್ಣಪ್ಪನವರು ಹಾಡು, ಗಾದೆ, ಪದ್ಧತಿಗಳನ್ನು ಸಂಗ್ರಹಿಸಿ 1924ರಲ್ಲಿ ಅಚ್ಚು ಹಾಕಿಸಿದ ಪುಸ್ತಕ ಅದು. ಲಿಪಿ ಕನ್ನಡದ್ದೇ, ಹಾಗಾಗಿ ಪ್ರತಿ ಅಕ್ಷರವನ್ನೂ ಓದಬಲ್ಲೆ. ಅಕ್ಷರ ಓದಲು ಬಂದು ಅರ್ಥ ಸಿಗದಿರುವುದು ಎಷ್ಟು ಕಸಿವಿಸಿ ಎಂದು 63ನೇ ವಯಸ್ಸಿನಲ್ಲಿ ಕಲಿತೆ. ಚೆಕ್‌ರೋಲಿಗೆ ಹೆಬ್ಬೆಟ್ಟು ಒತ್ತುವವರ ಕಣ್ಣಿಗೆ ನನ್ನ ಬರಹ ಹೇಗೆ ಕಾಣುತ್ತಿತ್ತೋ.

ನಾಲ್ಕು ದಿನ ಅರ್ಧ ಆಳಾದ ಮೇಲೆ ಪಕ್ಕದ, ಕೊಡವ ಮನೆತನದ ಮೂಲಮನೆಯಾದ ಐನ್‌ಮನೆಯ ಅಜ್ಜನ ಹತ್ತಿರ ಹೋದೆ. ವಯಸ್ಸು 84. ಕಯ್ಯಾಲೆಯ, ಅಂದರೆ ಜಗಲಿಯ, ಐಮರವೆಂಬ ಹಲಗೆಯ ಮೇಲೆ ಕಂಬಳಿ ಹೊದ್ದು ಕೂತಿದ್ದರು. ನಾನು ಪುಸ್ತಕ ಬಿಡಿಸಿ ಎರಡು ಸಾಲು ಓದಿದ್ದೇ ತಡ, ‘ಇದೆಂಥ ರೈಟ್ರೆ, ಹಾಜರಿ ಕೂಗಿದ ಹಾಗೆ?’ ಅಂದರು. ಆಮೇಲೆ ಐಮರದ ಮೇಲೆ ಎರಡು ಬೆರಳಲ್ಲಿ ತಟ್ಟುತ್ತಾ, ದುಡಿ ಬಾರಿಸುವ ಗತಿಯಲ್ಲಿ, ಪುಸ್ತಕ ನೋಡದೆ ಹಾಡಿದರು. ಒಂದು ಸಾಲು ಹಾಡಿ ನಿಲ್ಲಿಸುವರು, ನನ್ನನ್ನು ನೋಡುವರು. ನನಗೆ ತಿಳಿಯಲಿಲ್ಲ. ಕೊನೆಗೆ ಹೇಳಿದರು: ಇದು ನಾಲ್ವರ ಹಾಡು, ಇಬ್ಬರು ಹೇಳಿದ್ದನ್ನು ಇನ್ನಿಬ್ಬರು ತಿರುಗಿ ಹೇಳಬೇಕು, ನೀನು ಆ ಇನ್ನಿಬ್ಬರು. ಒಬ್ಬನೇ ಕೂತು ಮನಸ್ಸಿನಲ್ಲೇ ಓದಿಕೊಂಡಾಗ ‘ಇದೇನು, ಹೇಳಿದ್ದನ್ನೇ ಹೇಳುತ್ತಿದೆಯಲ್ಲ’ ಎಂದು ಬೇಸರಪಟ್ಟಿದ್ದೆ. ನನ್ನ ಪಾಲಿನ ಕೆಲಸ ನಾನು ಮಾಡಿರಲಿಲ್ಲ.

ಒಂದು ಪದ ಮಾತ್ರ ನನ್ನದೇ ಸಂಪಾದನೆ. ‘ಕೂಳ್’ ಎಂದರೆ ಅವರಲ್ಲಿ ಅನ್ನ, ಊಟ, ಮರ್ಯಾದೆಯ ಮಾತು. ನಮ್ಮ ಮನೆಯಲ್ಲಿ ಅಪ್ಪ ಸಿಟ್ಟು ಬಂದಾಗ ಮಾತ್ರ ‘ಕೂಳಿಗೆ ದಂಡ’ ಅನ್ನುತ್ತಿದ್ದರು. ಒಂದೇ ಪದ, ಹೊಳೆಯ ಆ ದಡದಲ್ಲಿ ಎಲೆಯ ಮೇಲೆ ಬಡಿಸುತ್ತಾರೆ, ಈ ದಡದಲ್ಲಿ ಮುಖಕ್ಕೆ ಎಸೆಯುತ್ತಾರೆ. ಅಜ್ಜನಿಗೆ ಇದನ್ನು ಹೇಳಿದಾಗ ತುಂಬಾ ಹೊತ್ತು ನಕ್ಕರು. ಆ ಸಂಜೆ ಅವರ ಮನೆಯಲ್ಲೇ ಕಡುಂಬುಟ್ಟು ಎಂಬ ಅಕ್ಕಿ ಉಂಡೆ, ಬೈಂಬಳೆ (ಕಳಲೆ) ಕರಿ ಆಯಿತು. ಆ ದಿನಕ್ಕೆ ಒಂದೂವರೆ ಆಳು ಬರೆದಿದ್ದೇನೆ.

● ನಿಮ್ಮ ಹೆಸರಿಲ್ಲದ ಪತ್ತೇದಾರಿ ಕಾದಂಬರಿಯ ಕತೆ ಓದಿದೆ. ಬಂಗಲೆ, ಬಾವಿಯಲ್ಲಿ ಹೆಣ, ಚಿನ್ನದ ಹಲ್ಲು. ಕೊನೆಯ ಎಂಟು ಪುಟ ಗೆದ್ದಲು ತಿಂದಿದೆ ಎಂದಿದ್ದೀರಿ. ಅದೇ ಪುಸ್ತಕ ನನ್ನಲ್ಲಿ ಪೂರ್ತಿ ಇದೆ. ಕೊಲೆಗಾರ ಯಾರೆಂದು ಬರೆಯಲೇ?
(ಓದುಗರು, ತಿಪಟೂರು)

ಬೇಡ, ದಯವಿಟ್ಟು ಬೇಡ. ಮನೆಯವಳು ಅಡುಗೆಭಟ್ಟನ ಮೇಲೆ 50 ರೂಪಾಯಿ ಕಟ್ಟಿದ್ದಾಳೆ, ತೋಟದ ಜೀಪ್ ಡ್ರೈವರ್ ಡಾಕ್ಟರ ಮೇಲೆ 100. ನಾನು ವಕೀಲನ ಮೇಲೆ 200 ಕಟ್ಟಿದ್ದೇನೆ, ಏಕೆಂದರೆ ಅವನೊಬ್ಬನೇ ಪುಸ್ತಕದುದ್ದಕ್ಕೂ ಏನನ್ನೂ ಬರೆದಿಟ್ಟುಕೊಳ್ಳುವುದಿಲ್ಲ. ಆ ಎಂಟು ಪುಟ ಜೆರಾಕ್ಸ್ ಮಾಡಿಸಿ, ಲಕೋಟೆಗೆ ಗೋಂದು ಹಚ್ಚಿ ಕಳಿಸಿ. ಭಾನುವಾರ ಮೂವರೂ ಕೂತು ಒಡೆಯುತ್ತೇವೆ. ಪತ್ರಿಕೆಯ ಕಚೇರಿಯವರಿಗೂ ಇಲ್ಲೇ ಹೇಳಿಬಿಡುತ್ತೇನೆ: ಮುಂಚೆ ಒಡೆದು ನೋಡುವ ಹಾಗಿಲ್ಲ.